ಒಂದು ದನಿ, ನಾಲ್ಕು ಸಲ: ಸರ್ಫ್ ಗಿಟಾರಿನ ಟೇಪು ಪ್ರತಿಧ್ವನಿ



ಗಣೇಶನ ಹಬ್ಬದ ದಿನಗಳಲ್ಲಿ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಎಲ್ಲೇ ಹೋದರೂ ಅಲ್ಲೊಂದು ಪೆಂಡಾಲು, ಪಕ್ಕದಲ್ಲೊಂದು ಆರ್ಕೆಸ್ಟ್ರಾ ವೇದಿಕೆ ಕಣ್ಣಿಗೆ ಬೀಳುತ್ತದೆ. ಹಾಡು ಶುರುವಾಗುವ ಮುನ್ನ ಯಾರಾದರೊಬ್ಬರು ಮೈಕಿನ ಮುಂದೆ ನಿಂತು “ಹಲೋ” ಎನ್ನುತ್ತಾರೆ. ಅವರು ಹೇಳುವುದು ಒಂದು ಸಲ; ನಮಗೆ ಕೇಳುವುದು “ಹಲೋ... ಲೋ... ಲೋ... ಓ” ಎಂದು ನಾಲ್ಕು ಸಲ. ಸುತ್ತ ಬೆಟ್ಟವಿಲ್ಲ, ಬಾವಿಯಿಲ್ಲ. ಹಾಗಿದ್ದರೆ ಆ ಮೂರು ದನಿಗಳು ಎಲ್ಲಿಂದ ಬಂದವು?

ಇಂದು ಈ ಕೆಲಸ ಮಾಡುವುದು ಮಿಕ್ಸರಿನೊಳಗಿನ ಒಂದು ಚಿಪ್ಪು. ಆದರೆ ಅದಕ್ಕೆ ಈ ವಿದ್ಯೆ ಕಲಿಸಿಕೊಟ್ಟದ್ದು ಟೇಪ್ ರೆಕಾರ್ಡರು. ಆ ವಿದ್ಯೆಯನ್ನು ಲೋಕಪ್ರಿಯಗೊಳಿಸಿದವರಲ್ಲಿ 1950 ಮತ್ತು 60ರ ದಶಕದ ಎಲೆಕ್ಟ್ರಿಕ್ ಗಿಟಾರ್ ವಾದಕರು ಮುಖ್ಯರು. ಅದರಲ್ಲೂ “ಸರ್ಫ್ ಸಂಗೀತ” ಎಂಬ ಕಡಲತೀರದ ಗಿಟಾರ್ ಸಂಗೀತ ಮತ್ತು ಅದರ ನೆಂಟರ ದನಿಮುದ್ರಣಗಳಲ್ಲಿ ಈ ಪ್ರತಿಧ್ವನಿಯನ್ನು ಬಹಳ ಚೆನ್ನಾಗಿ ಕೇಳಬಹುದು. ಅರ್ಧ ಗಂಟೆಯ ಮಾತುಕತೆಯ ಕಾರ್ಯಕ್ರಮದಲ್ಲಿ ಲೆಕ್ಕ ಬರೆದು ತೋರಿಸಲು ಸಮಯ ಸಾಲುವುದಿಲ್ಲ. ಆದ್ದರಿಂದ ಆ ಲೆಕ್ಕವನ್ನೂ ಅದರ ಹಿಂದಿನ ಕಥೆಯನ್ನೂ ಈ ಪುಟಗಳಲ್ಲಿ ನಿಧಾನವಾಗಿ ನೋಡೋಣ.

ದೂರವೆಂದರೆ ಕಾಲ

ಪ್ರತಿಧ್ವನಿಯ ಪಾಠವನ್ನು ನೀವು ಪ್ರೌಢಶಾಲೆಯಲ್ಲೇ ಓದಿದ್ದೀರಿ. ಗಾಳಿಯಲ್ಲಿ ಶಬ್ದದ ವೇಗ ತಾಪಮಾನವನ್ನು ಅವಲಂಬಿಸಿದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 331 ಮೀಟರ್. ಪ್ರತಿ ಡಿಗ್ರಿಗೆ 0.6 ಮೀಟರಿನಂತೆ ಹೆಚ್ಚುತ್ತದೆ. ಬೆಂಗಳೂರಿನ ಹಿತವಾದ 25 ಡಿಗ್ರಿಯಲ್ಲಿ ಸೆಕೆಂಡಿಗೆ 346 ಮೀಟರ್ ಎಂದಿಟ್ಟುಕೊಳ್ಳಿ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆಯಲ್ಲ, ಗಾಳಿಯ ಒತ್ತಡ ಕಡಿಮೆಯಲ್ಲವೇ ಎಂದು ನೀವು ಕೇಳಬಹುದು. ಒತ್ತಡ ಕಡಿಮೆಯಾದಂತೆ ಸಾಂದ್ರತೆಯೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಆದ್ದರಿಂದ ವೇಗದ ಲೆಕ್ಕದಲ್ಲಿ ಎತ್ತರಕ್ಕೆ ಪಾತ್ರವಿಲ್ಲ, ತಾಪಮಾನಕ್ಕೆ ಮಾತ್ರ ಇದೆ.

ಮೂಲ ದನಿ ಕಿವಿಗೆ ಬಿದ್ದ ಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಕಳೆದು ಮರುದನಿ ಬಂದರೆ ಅದು ಬೇರೆಯಾಗಿ ಕೇಳುತ್ತದೆ ಎಂಬುದು ಪಠ್ಯಪುಸ್ತಕದ ನಿಯಮ. ಅದಕ್ಕೆ ಗೋಡೆ ಸುಮಾರು 17 ಮೀಟರ್ ದೂರದಲ್ಲಿರಬೇಕು. 0.3 ಸೆಕೆಂಡಿನ ಪ್ರತಿಧ್ವನಿ ಬೇಕೆಂದರೆ? ಶಬ್ದ ಹೋಗಿ ಬರಬೇಕಾದ ದೂರ 346ರ 0.3 ಪಟ್ಟು, ಅಂದರೆ ಸುಮಾರು 104 ಮೀಟರ್. ಗೋಡೆ ಅದರ ಅರ್ಧದಷ್ಟು, 52 ಮೀಟರ್ ದೂರದಲ್ಲಿರಬೇಕು.

ವಿಜಯಪುರದ ಗೋಳಗುಮ್ಮಟಕ್ಕೆ ಶಾಲೆಯ ಪ್ರವಾಸ ಹೋದವರು ಅಲ್ಲಿನ ಪಿಸುಮಾತಿನ ಮೊಗಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿಯೇ ಇರುತ್ತೀರಿ. 1656ರಲ್ಲಿ ಮುಗಿದ ಆ ಕಟ್ಟಡದ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಎದುರು ಬದಿಗೆ ಹೋಗಿ ಬರಲು 76 ಮೀಟರ್. ಅದಕ್ಕೆ ಹಿಡಿಯುವ ಕಾಲ 0.22 ಸೆಕೆಂಡು. ಕಮಾನಿನ ಗೋಡೆ ದನಿಯನ್ನು ಚೆದುರಲು ಬಿಡದೆ ಮತ್ತೆ ಮತ್ತೆ ಕೂಡಿಸುವುದರಿಂದ ಒಂದೇ ಚಪ್ಪಾಳೆ ಹಲವು ಸಲ ಮರಳಿ ಕೇಳುತ್ತದೆ. ಆದರೆ ಗಿಟಾರ್ ನುಡಿಸುವವನು ಗೋಳಗುಮ್ಮಟವನ್ನು ಹೊತ್ತುಕೊಂಡು ಊರೂರು ತಿರುಗಲಾದೀತೇ? ಆ 76 ಮೀಟರಿನ ಪಯಣವನ್ನು ಒಂದು ಪೆಟ್ಟಿಗೆಯಲ್ಲಿ ಅಡಗಿಸಬೇಕು. ಅದಕ್ಕೆ ದಾರಿ ತೋರಿದ್ದು ಟೇಪು.

ಟೇಪಿನ ಮೇಲೆ ಅಳೆದ ಕಾಲ

ರೀಲ್ ಟೇಪ್ ರೆಕಾರ್ಡರಿನಲ್ಲಿ ಮೂರು ಹೆಡ್ಡುಗಳು ಸಾಲಾಗಿರುತ್ತವೆ. ಮೊದಲನೆಯದು ಹಳೆಯದನ್ನು ಅಳಿಸುತ್ತದೆ. ಎರಡನೆಯದು ಹೊಸ ದನಿಯನ್ನು ಕಬ್ಬಿಣದ ಆಕ್ಸೈಡು ಸವರಿದ ಟೇಪಿನ ಮೇಲೆ ಕಾಂತೀಯ ಗುರುತಾಗಿ ಬರೆಯುತ್ತದೆ. ಮೂರನೆಯದು ಬರೆದದ್ದನ್ನು ಓದುತ್ತದೆ. ದನಿಮುದ್ರಣ ಸರಿಯಾಗಿ ಆಗುತ್ತಿದೆಯೇ ಎಂದು ಆಗಲೇ ಕೇಳಿ ತಿಳಿಯಲೆಂದು ಮೂರನೆಯ ಹೆಡ್ಡನ್ನು ಇಟ್ಟಿದ್ದು.

ಇಲ್ಲಿ ಒಂದು ಸಂಗತಿ ಗಮನಿಸಿ. ಬರೆಯುವ ಹೆಡ್ಡಿಗೂ ಓದುವ ಹೆಡ್ಡಿಗೂ ನಡುವೆ ಸ್ವಲ್ಪ ಅಂತರವಿದೆ. ಟೇಪು ಆ ಅಂತರವನ್ನು ದಾಟುವಷ್ಟು ಕಾಲ ದನಿ ತಡವಾಗುತ್ತದೆ. ಅಂತರ 5 ಸೆಂಟಿಮೀಟರ್, ಟೇಪಿನ ವೇಗ ಸೆಕೆಂಡಿಗೆ 19 ಸೆಂಟಿಮೀಟರ್ ಎಂದಾದರೆ, 5ನ್ನು 19ರಿಂದ ಭಾಗಿಸಿ: 0.26 ಸೆಕೆಂಡು. ವೇಗವನ್ನು 38 ಸೆಂಟಿಮೀಟರಿಗೆ ಏರಿಸಿದರೆ ವಿಳಂಬ ಅರ್ಧಕ್ಕೆ, 0.13 ಸೆಕೆಂಡಿಗೆ ಇಳಿಯುತ್ತದೆ. ಗಾಳಿಯಲ್ಲಾದರೆ ತೊಂಬತ್ತು ಮೀಟರ್ ಓಡಬೇಕಾಗಿದ್ದ ದನಿಗೆ ಟೇಪಿನ ಮೇಲೆ ನಿಮ್ಮ ಹೆಬ್ಬೆರಳಿನಷ್ಟು ದಾರಿ ಸಾಕಾಯಿತು!

ಗಿಟಾರಿನ ನೇರ ದನಿಯನ್ನೂ, ಮೂರನೆಯ ಹೆಡ್ಡು ಓದಿದ ತಡವಾದ ದನಿಯನ್ನೂ ಕೂಡಿಸಿದರೆ ಒಂದು ಪ್ರತಿಧ್ವನಿ ಸಿಕ್ಕಿತು. ಓದಿದ ದನಿಯ ಸ್ವಲ್ಪ ಭಾಗವನ್ನು ಮತ್ತೆ ಬರೆಯುವ ಹೆಡ್ಡಿಗೇ ಕಳಿಸಿದರೆ ಅದರ ಪ್ರತಿಧ್ವನಿ, ಅದರದೂ ಪ್ರತಿಧ್ವನಿ ಹುಟ್ಟುತ್ತವೆ. ಪ್ರತಿ ಸುತ್ತಿಗೂ ಅರ್ಧದಷ್ಟು ಮರಳಿಸಿದರೆ 1, ½, ¼, ⅛ ಎಂದು ದನಿ ಕರಗುತ್ತಾ ಹೋಗುತ್ತದೆ. ಗಣಿತದ ತರಗತಿಯ ಗುಣೋತ್ತರ ಶ್ರೇಢಿ ಇಲ್ಲಿ ಕಿವಿಗೇ ಕೇಳುತ್ತದೆ. ಮರಳಿಸುವ ಪ್ರಮಾಣ ಒಂದನ್ನು ಮೀರಿದರೆ ಶ್ರೇಢಿ ಕರಗುವುದಿಲ್ಲ, ಬೆಳೆಯುತ್ತದೆ. ಯಂತ್ರ ತಾನಾಗಿ ಊಳಿಡಲು ಶುರುಮಾಡುತ್ತದೆ.

ಟೇಪಿಗೆ ಇನ್ನೂ ಒಂದು ಗುಣವಿದೆ. ಪ್ರತಿ ಸಲ ಬರೆದು ಓದುವಾಗಲೂ ಮೇಲಿನ ಕಂಪನಾಂಕಗಳು, ಅಂದರೆ ದನಿಯ ಚುರುಕು ಅಂಶಗಳು, ಸ್ವಲ್ಪ ಸವೆಯುತ್ತವೆ. ಟೇಪಿನ ಓಟ ಕೂಡ ಪೂರ್ತಿ ಸಮನಾಗಿರುವುದಿಲ್ಲವಾದ್ದರಿಂದ ಸ್ವರ ಕೂದಲೆಳೆಯಷ್ಟು ಅಲುಗುತ್ತದೆ. ಯಂತ್ರಶಾಸ್ತ್ರದ ದೃಷ್ಟಿಯಿಂದ ಇವು ದೋಷಗಳೇ. ಆದರೆ ಕಿವಿಗೆ ಇದರಿಂದ ಉಪಕಾರವಾಯಿತು. ನಿಜವಾದ ಬೆಟ್ಟದಿಂದ ಮರಳುವ ದನಿಯೂ ಚುರುಕು ಕಳೆದುಕೊಂಡೇ ಬರುತ್ತದೆ. ಹಾಗಾಗಿ ಮಬ್ಬಾದ ಮರುದನಿ ದೂರದಲ್ಲಿರುವಂತೆ ತೋರುತ್ತದೆ, ಹೊಸದಾಗಿ ನುಡಿಸಿದ ಸ್ವರವನ್ನು ಮುಚ್ಚುವುದಿಲ್ಲ. ಇವತ್ತಿನ ಡಿಜಿಟಲ್ ಯಂತ್ರಗಳು ದೋಷವಿಲ್ಲದ ಪ್ರತಿಧ್ವನಿ ಕೊಡಬಲ್ಲವಾದರೂ, ಅವುಗಳಲ್ಲಿ “ಟೇಪ್” ಎಂಬ ಹೆಸರಿನ ಗುಂಡಿಯೊಂದನ್ನು ಇಡುವುದು ಈ ಕಾರಣಕ್ಕೇ.

ಕೋಣೆಯಿಂದ ಪೆಟ್ಟಿಗೆಗೆ

ಅಮೆರಿಕದ ಮೆಂಫಿಸ್‌ನಲ್ಲಿ ಸನ್ ಸ್ಟುಡಿಯೋ ನಡೆಸುತ್ತಿದ್ದ ಸ್ಯಾಮ್ ಫಿಲಿಪ್ಸ್ 1954ರ ಸುಮಾರಿಗೆ ಎರಡು ಆಂಪೆಕ್ಸ್ ಟೇಪ್ ಯಂತ್ರಗಳನ್ನು ಜೋಡಿಸಿ, ಎಲ್ವಿಸ್ ಪ್ರೀಸ್ಲಿಯಂಥ ಗಾಯಕರ ದನಿಗೆ ಒಂದೇ ಒಂದು ಚುರುಕಾದ ಮರುಪೆಟ್ಟನ್ನು ಕೊಟ್ಟರು. ಇದಕ್ಕೆ “ಸ್ಲ್ಯಾಪ್‌ಬ್ಯಾಕ್” ಎಂದು ಹೆಸರಾಯಿತು. ಅದೇ ಕಾಲಕ್ಕೆ ರೇ ಬಟ್ಸ್ ಎಂಬವರು ಗಿಟಾರ್ ಆಂಪ್ಲಿಫೈಯರಿನೊಳಗೇ ಟೇಪನ್ನು ಕೂಡಿಸಿ “ಎಕೋಸಾನಿಕ್” ಮಾಡಿದರು. ಸ್ಟುಡಿಯೋದಲ್ಲಿ ಮಾತ್ರ ಸಿಗುತ್ತಿದ್ದ ದನಿ ಹೀಗೆ ವೇದಿಕೆಗೂ ಬಂತು.

ಮುಂದಿನದು ಪೆಟ್ಟಿಗೆಗಳ ಕಾಲ. 1958ರಲ್ಲಿ ಲಂಡನ್ನಿನ ಚಾರ್ಲಿ ವಾಟ್ಕಿನ್ಸ್ “ಕಾಪಿಕ್ಯಾಟ್” ಎಂಬ ಅಗ್ಗದ ಯಂತ್ರ ತಂದರು. ತುದಿಗೆ ತುದಿ ಅಂಟಿಸಿದ ಟೇಪಿನ ಉಂಗುರವೊಂದು ಸುತ್ತುತ್ತಲೇ ಇರುವುದು, ಅದರ ದಾರಿಯಲ್ಲಿ ಹಲವು ಓದುವ ಹೆಡ್ಡುಗಳು. ಇಟಲಿಯ ಬಿನ್ಸನ್ ಕಂಪನಿ ಟೇಪಿನ ಬದಲು ತಿರುಗುವ ಕಾಂತೀಯ ಚಕ್ರವನ್ನು ಬಳಸಿತು. ಅಮೆರಿಕದ “ಎಕೋಪ್ಲೆಕ್ಸ್”ನಲ್ಲಿ ಒಂದು ಹೆಡ್ಡನ್ನು ಹಳಿಯ ಮೇಲೆ ಜಾರಿಸಿ ಅಂತರವನ್ನು, ಅಂದರೆ ವಿಳಂಬವನ್ನು, ಬೇಕಾದಂತೆ ಬದಲಿಸಬಹುದಾಗಿತ್ತು. 1974ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಹೊರತಂದ “ಸ್ಪೇಸ್ ಎಕೋ” ಮೂರು ಓದುವ ಹೆಡ್ಡುಗಳನ್ನೂ ವೇಗ ಬದಲಿಸಬಹುದಾದ ಮೋಟಾರನ್ನೂ ಹೊಂದಿತ್ತು. ಎಲ್ಲದರ ಸೂತ್ರ ಒಂದೇ: ಅಂತರವನ್ನು ವೇಗದಿಂದ ಭಾಗಿಸು.

ಅಲೆಯ ಸಂಗೀತ

ಮೇಲೇಳುವ ಕಡಲ ಅಲೆಯ ಮೇಲೆ ಹಲಗೆಯೊಂದರಲ್ಲಿ ನಿಂತು ಜಾರುವ ಆಟಕ್ಕೆ ಸರ್ಫಿಂಗ್ ಎನ್ನುತ್ತಾರೆ. ನಮ್ಮ ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ ಈ ಆಟ ಕಲಿಸುವವರಿದ್ದಾರೆ; ಹತ್ತಿರದ ಸಸಿಹಿತ್ಲು ಕಡಲತೀರದಲ್ಲಿ 2016ರಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯೇ ನಡೆಯಿತು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1961ರಿಂದ 63ರ ಹೊತ್ತಿಗೆ ಈ ಆಟವಾಡುವ ಹುಡುಗರ ಸುತ್ತ ಹಾಡಿಲ್ಲದ, ಗಿಟಾರೇ ನಾಯಕನಾದ ಸಂಗೀತವೊಂದು ಹುಟ್ಟಿತು. ಅದೇ ಸರ್ಫ್ ಸಂಗೀತ. ಅದರ ಮುಂದಾಳು ಡಿಕ್ ಡೇಲ್ (1937–2019). ಪೂರ್ವ ಮೆಡಿಟರೇನಿಯನ್ ಕಡೆಯ “ಮಿಸಿರ್ಲೂ” ಎಂಬ ಹಳೆಯ ಧಾಟಿಯನ್ನು ಡೇಲ್ 1962ರಲ್ಲಿ ಒಂದೇ ತಂತಿಯ ಮೇಲೆ ಮಿಂಚಿನ ವೇಗದಲ್ಲಿ ನುಡಿಸಿ ದನಿಮುದ್ರಿಸಿದರು. ಷಾಂಟೇಸ್ ತಂಡದ “ಪೈಪ್‌ಲೈನ್” (1963) ಈ ಬಗೆಯ ಇನ್ನೊಂದು ಹೆಸರಾಂತ ಕೃತಿ.

ಈ ಸಂಗೀತದಲ್ಲಿ ಕೇಳುವ ಒದ್ದೆ ಒದ್ದೆಯಾದ ದನಿಯೆಲ್ಲವೂ ಟೇಪು ಪ್ರತಿಧ್ವನಿ ಎಂದು ಅನೇಕರು ತಿಳಿಯುತ್ತಾರೆ. ಅದು ಪೂರ್ತಿ ಸರಿಯಲ್ಲ. ಕ್ಯಾಲಿಫೋರ್ನಿಯಾದ ಸರ್ಫ್ ಗಿಟಾರಿನ ಗುರುತಾದದ್ದು ಮುಖ್ಯವಾಗಿ ಸ್ಪ್ರಿಂಗ್ ಅನುರಣನ. ಫೆಂಡರ್ ಕಂಪನಿ 1961ರಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ಪೆಟ್ಟಿಗೆ ತಂದಿತು. ಗಿಟಾರಿನ ಸಂಕೇತ ಅದರೊಳಗಿನ ಸುರುಳಿ ಸ್ಪ್ರಿಂಗುಗಳನ್ನು ಒಂದು ತುದಿಯಲ್ಲಿ ನಡುಗಿಸುತ್ತದೆ. ನಡುಕ ಸ್ಪ್ರಿಂಗಿನುದ್ದಕ್ಕೂ ಹೋಗಿ ತುದಿಗೆ ಬಡಿದು ಮರಳುತ್ತಾ, ಬೇರೆ ಬೇರೆ ಎಣಿಸಲಾಗದಷ್ಟು ದಟ್ಟವಾದ ಮರುದನಿಗಳನ್ನು ಹುಟ್ಟಿಸುತ್ತದೆ. ಎಲ್ಲ ಕಂಪನಾಂಕಗಳೂ ಸ್ಪ್ರಿಂಗಿನಲ್ಲಿ ಒಂದೇ ವೇಗದಿಂದ ಓಡುವುದಿಲ್ಲ. ಒಂದು ಹಿಂದೆ, ಒಂದು ಮುಂದೆ ಬರುತ್ತವೆ. ತಂತಿಯನ್ನು ಅಂಗೈಯಿಂದ ಒತ್ತಿ ಮೀಟಿದಾಗ ನೀರಿನ ಹನಿ ತೊಟ್ಟಿಕ್ಕಿದಂತೆ ಕೇಳುವುದು ಇದರಿಂದಲೇ.

ಎರಡನ್ನೂ ಕಿವಿಯಿಂದಲೇ ಬೇರ್ಪಡಿಸಬಹುದು. ಮರುದನಿಗಳನ್ನು ಒಂದು, ಎರಡು, ಮೂರು ಎಂದು ಎಣಿಸಲು ಬಂದರೆ ಅದು ಪ್ರತಿಧ್ವನಿ. ಎಣಿಸಲಾಗದೆ ಒಂದೇ ಮಂಜಿನಂತೆ ಹಬ್ಬಿದರೆ ಅದು ಅನುರಣನ.

ಎಣಿಸಬಲ್ಲ ಪ್ರತಿಧ್ವನಿಯನ್ನು ಕೇಳಲು ಸರ್ಫ್ ಸಂಗೀತದ ಇಂಗ್ಲೆಂಡಿನ ದಾಯಾದಿ ದಿ ಷ್ಯಾಡೋಸ್ ತಂಡದ “ಅಪಾಚೆ” (1960) ಕೇಳಿ. ಅದರ ಗಿಟಾರ್ ವಾದಕ ಹ್ಯಾಂಕ್ ಮಾರ್ವಿನ್ ಇಟಲಿಯ ಒಂದು ಎಕೋ ಯಂತ್ರವನ್ನು ಬಳಸುತ್ತಿದ್ದರು. ಒಂದು ಸ್ವರ ನುಡಿಸಿ ಸ್ವಲ್ಪ ಬಿಡುವು ಕೊಡುತ್ತಾರೆ. ಆ ಬಿಡುವಿನಲ್ಲಿ ಮರುದನಿ ಬಂದು ತಾಳದ ಇನ್ನೊಂದು ಏಟಿನಂತೆ ಕೂರುತ್ತದೆ. ಗಿಟಾರ್ ಒಂದೇ ಇದ್ದರೂ ಇಬ್ಬರು ನುಡಿಸಿದಂತೆ ಭಾಸವಾಗುತ್ತದೆ.

ಡೇಲ್‌ಗೆ ಸ್ಪ್ರಿಂಗು ಹೊಂದಿದ್ದೇಕೆ, ಮಾರ್ವಿನ್‌ಗೆ ಟೇಪು ಹೊಂದಿದ್ದೇಕೆ? ಲೆಕ್ಕ ಮಾಡೋಣ. ನಿಮಿಷಕ್ಕೆ 170 ಏಟುಗಳ ಲಯದಲ್ಲಿ ಒಂದು ಏಟಿಗೆ ನಾಲ್ಕು ಸಲ ತಂತಿ ಮೀಟಿದರೆ ಎರಡು ಮೀಟುಗಳ ನಡುವೆ ಇರುವ ಕಾಲ 0.09 ಸೆಕೆಂಡು ಮಾತ್ರ. ಅಲ್ಲಿ 0.3 ಸೆಕೆಂಡಿನ ಪ್ರತಿಧ್ವನಿ ಹಾಕಿದರೆ ಮರುದನಿ ಬರುವಷ್ಟರಲ್ಲಿ ಮೂರು ಹೊಸ ಸ್ವರಗಳು ಬಂದಿರುತ್ತವೆ. ಎಲ್ಲ ಕಲಸುಮೇಲೋಗರ. ನಿಧಾನದ ಧಾಟಿಯಲ್ಲಾದರೆ ಅದೇ 0.3 ಸೆಕೆಂಡು ಸ್ವರಗಳ ನಡುವಿನ ಖಾಲಿಯಲ್ಲಿ ಸುಖವಾಗಿ ಕೂರುತ್ತದೆ. ವಾದಕ ಬಿಟ್ಟುಕೊಟ್ಟ ಜಾಗದಲ್ಲಿ ಮಾತ್ರ ಪ್ರತಿಧ್ವನಿ ಬದುಕುತ್ತದೆ. ಈ ಪಾಠದಲ್ಲಿ ನೆನಪಿಡಬೇಕಾದ ಒಂದು ಮಾತಿದ್ದರೆ ಅದು ಇದೇ. ಗಮಕಗಳಿಂದ ತುಂಬಿದ ನಮ್ಮ ಕರ್ನಾಟಕ ಸಂಗೀತಕ್ಕೆ ಎಣಿಸಬಲ್ಲ ಪ್ರತಿಧ್ವನಿ ಒಗ್ಗದಿರುವುದೂ ಇದಕ್ಕೇ: ಜಾರುವ ಸ್ವರದ ಮೇಲೆ ಅದರದೇ ಹಿಂದಿನ ಕ್ಷಣ ಬಂದು ಬಿದ್ದರೆ ಶ್ರುತಿ ಕೆಟ್ಟಂತೆ ಕೇಳುತ್ತದೆ.

ನಮ್ಮ ಚಿತ್ರಗೀತೆಗಳಲ್ಲಿ ಹುಡುಕಿ

ಈ ಗಿಟಾರಿನ ಗಾಳಿ ಭಾರತಕ್ಕೂ ಬೀಸಿತು. ಶಂಕರ್-ಜೈಕಿಷನ್ ಸಂಗೀತದ ಹಿಂದಿ ಚಿತ್ರ “ಗುಮ್ನಾಮ್”ನಲ್ಲಿ (1965) ಮುಖವಾಡ ತೊಟ್ಟ ಕುಣಿತಗಾರರ ಮುಂದೆ ಗಿಟಾರ್ ತಂಡವೊಂದು ಅಬ್ಬರಿಸುವ, ಮಹಮ್ಮದ್ ರಫಿ ಹಾಡಿರುವ ಗೀತೆಯೊಂದಿದೆ. 2001ರಲ್ಲಿ ಅಮೆರಿಕದ “ಘೋಸ್ಟ್ ವರ್ಲ್ಡ್” ಚಿತ್ರ ಅದನ್ನೇ ಬಳಸಿಕೊಂಡಿತು. ಕನ್ನಡದಲ್ಲಿ ದೊರೈ-ಭಗವಾನ್ ನಿರ್ದೇಶನದ, ಡಾ. ರಾಜ್‌ಕುಮಾರ್ ಪತ್ತೇದಾರನಾಗಿ ನಟಿಸಿದ “ಜೇಡರ ಬಲೆ” ಮತ್ತು “ಗೋವಾದಲ್ಲಿ ಸಿ.ಐ.ಡಿ. 999” 1968ರಲ್ಲಿ ಬಂದವು. ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಮುಂದೆ ಇವರ ಬಳಿ ಗಿಟಾರ್ ವಾದಕರಾಗಿ, ಸಹಾಯಕರಾಗಿ ದುಡಿದ ಇಳಯರಾಜ ಅವರ ಹೆಸರು ನಿಮಗೆಲ್ಲ ಗೊತ್ತು. ಜಗತ್ತಿನ ಪತ್ತೇದಾರಿ ಚಿತ್ರಗಳ ಗಿಟಾರೂ ಸರ್ಫ್ ಗಿಟಾರೂ ಒಂದೇ ಕುಟುಂಬಕ್ಕೆ ಸೇರಿದವು. ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಈ ಚಿತ್ರಗಳ ಹಾಡು, ಹಿನ್ನೆಲೆ ಸಂಗೀತ ಕೇಳಿ. ಎಲ್ಲಿ ಗಿಟಾರಿದೆ, ಎಲ್ಲಿ ಮರುದನಿಯಿದೆ, ಅದು ಎಣಿಸುವಂಥದೋ ಮಂಜಿನಂಥದೋ ಎಂದು ನೀವೇ ತೀರ್ಮಾನಿಸಿ.

ನೀವೇ ಮಾಡಿ ನೋಡಿ

ಮೊದಲ ಪ್ರಯೋಗಕ್ಕೆ ಹಣ ಬೇಕಿಲ್ಲ. ವಾಹನಗಳ ಸದ್ದು ಏಳುವ ಮುನ್ನ, ಬೆಳಗಿನ ಹೊತ್ತು, ಒಂದು ಕಡೆ ಉದ್ದನೆಯ ಎತ್ತರದ ಗೋಡೆಯಿರುವ ಆಟದ ಮೈದಾನಕ್ಕೆ ಹೋಗಿ. ಗೋಡೆಯಿಂದ 50 ಮೀಟರ್ ಅಳೆದು ನಿಂತು ಚಪ್ಪಾಳೆ ತಟ್ಟಿ. ಎರಡು ಚಪ್ಪಾಳೆಗಳ ಸರಿಯಾಗಿ ನಡುವೆ ಪ್ರತಿಧ್ವನಿ ಬೀಳುವಂತೆ ಲಯ ಹೊಂದಿಸಿ. ಆ ಲಯ ಕೂತ ಮೇಲೆ ಗೆಳೆಯರೊಬ್ಬರು 20 ಅಂತರಗಳ ಕಾಲವನ್ನು ಗಡಿಯಾರದಲ್ಲಿ ಅಳೆಯಲಿ. ಸುಮಾರು 11.6 ಸೆಕೆಂಡು ಬರಬೇಕು. ಒಂದು ಅಂತರ 0.58, ಅದರ ಅರ್ಧ 0.29 ಸೆಕೆಂಡು, 100 ಮೀಟರನ್ನು ಅದರಿಂದ ಭಾಗಿಸಿದರೆ ಶಬ್ದದ ವೇಗ ನಿಮ್ಮ ಕೈಯಲ್ಲಿ!

ಎರಡನೆಯದಕ್ಕೆ ಕಂಪ್ಯೂಟರ್ ಬೇಕು. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಗಿಟಾರ್ ಇಲ್ಲವೇ ನಿಮ್ಮದೇ ದನಿಯನ್ನು ಮುದ್ರಿಸಿ. ಅದರ ಪ್ರತಿಯೊಂದನ್ನು 0.3 ಸೆಕೆಂಡು ಹಿಂದೆ ಸರಿಸಿ, ದನಿಯನ್ನು ಅರ್ಧಕ್ಕೆ ಇಳಿಸಿ, 4000 ಹರ್ಟ್ಜ್‌ಗಿಂತ ಮೇಲಿನದನ್ನು ಸೋಸಿ ತೆಗೆಯಿರಿ. ಇನ್ನೊಂದು ಪ್ರತಿಯನ್ನು 0.6 ಸೆಕೆಂಡು ಸರಿಸಿ ಮತ್ತೂ ಅರ್ಧಕ್ಕಿಳಿಸಿ, 2500 ಹರ್ಟ್ಜ್‌ಗಿಂತ ಮೇಲಿನದನ್ನು ಸೋಸಿ. ಮೂರನ್ನೂ ಒಟ್ಟಿಗೆ ಕೇಳಿದರೆ ಅದೇ ಟೇಪು ಪ್ರತಿಧ್ವನಿ. ಲಯಕ್ಕೆ ಹೊಂದಿಸಬೇಕೆಂದರೆ 60ನ್ನು ನಿಮಿಷದ ಏಟುಗಳ ಸಂಖ್ಯೆಯಿಂದ ಭಾಗಿಸಿ: 120 ಏಟಿನ ಲಯಕ್ಕೆ ಅರ್ಧ ಸೆಕೆಂಡು, 160 ಏಟಿಗೆ 0.375 ಸೆಕೆಂಡು.

ಅದೇ ವಿಳಂಬ, ಬೇರೆ ಕೆಲಸ

ಈಗ ಪೆಂಡಾಲಿಗೆ ಮರಳೋಣ. ಹಾಡಿಗೆ ಸೊಗಸು ಕೊಟ್ಟ “ಎಕೋ” ಗುಂಡಿಯನ್ನು ಹಾಗೆಯೇ ಬಿಟ್ಟು “ಮಗು ತಪ್ಪಿಸಿಕೊಂಡಿದೆ”, “ವಿದ್ಯುತ್ ತಂತಿಯಿಂದ ದೂರ ಸರಿಯಿರಿ” ಎಂದು ಪ್ರಕಟಿಸಿದರೆ ಏನಾದೀತು? ಮಾತನಾಡುವಾಗ ನಾವು ಸೆಕೆಂಡಿಗೆ ನಾಲ್ಕೈದು ಅಕ್ಷರಗಳನ್ನು ಉಚ್ಚರಿಸುತ್ತೇವೆ. ಒಂದು ಅಕ್ಷರದ ಪಾಲಿಗೆ ಸುಮಾರು 0.2 ಸೆಕೆಂಡು. ಅಷ್ಟೇ ತಡವಾಗಿ ಬರುವ ಮರುದನಿ ಮುಂದಿನ ಅಕ್ಷರದ ಮೇಲೆ ಸರಿಯಾಗಿ ಹೋಗಿ ಕೂರುತ್ತದೆ. ಜನ ದನಿ ಕೇಳುತ್ತಾರೆ, ಮಾತು ಕೇಳುವುದಿಲ್ಲ. ಮಾತಿನಲ್ಲಿ ಖಾಲಿ ಜಾಗವಿಲ್ಲ.

ಗುಂಡಿ ಆರಿಸಿದರೂ ದೊಡ್ಡ ಮೈದಾನದಲ್ಲಿ ತೊಂದರೆ ತಪ್ಪದು. ವೇದಿಕೆಯ ಬಳಿ ಒಂದು ಜೊತೆ ಧ್ವನಿವರ್ಧಕ, 69 ಮೀಟರ್ ಹಿಂದೆ ಇನ್ನೊಂದು ಜೊತೆ ಇಟ್ಟಿದ್ದಾರೆ ಎನ್ನಿ. ತಂತಿಯ ಮೂಲಕ ಸಂಕೇತ ಹಿಂದಿನ ಧ್ವನಿವರ್ಧಕಕ್ಕೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ತಲುಪುತ್ತದೆ. ಮುಂದಿನ ಧ್ವನಿವರ್ಧಕದ ದನಿ ಗಾಳಿಯಲ್ಲಿ ನಡೆದು ಬರಲು 0.2 ಸೆಕೆಂಡು ಬೇಕು. ಹಿಂದೆ ಕುಳಿತವರಿಗೆ ಪ್ರತಿ ಮಾತೂ ಎರಡು ಸಲ ಕೇಳುತ್ತದೆ.

ಇದಕ್ಕೆ ಪರಿಹಾರವೇನು ಗೊತ್ತೇ? ಗಿಟಾರಿಗೆ ಪ್ರತಿಧ್ವನಿ ಕೊಟ್ಟ ಅದೇ ವಿಳಂಬ! ಹಿಂದಿನ ಧ್ವನಿವರ್ಧಕಕ್ಕೆ ಹೋಗುವ ಸಂಕೇತವನ್ನು ಯಂತ್ರದಲ್ಲಿ 0.2 ಸೆಕೆಂಡು ತಡೆದು ಬಿಟ್ಟರೆ ಎರಡು ದನಿಗಳೂ ಒಟ್ಟಿಗೆ ಬಂದು ಒಂದಾಗುತ್ತವೆ. ಇನ್ನೂ 0.01 ಅಥವಾ 0.02 ಸೆಕೆಂಡು ಹೆಚ್ಚು ತಡೆದರೆ, ಹತ್ತಿರದ ಧ್ವನಿವರ್ಧಕ ಜೋರಾಗಿದ್ದರೂ ಮಾತು ವೇದಿಕೆಯಿಂದಲೇ ಬಂದಂತೆ ಕಿವಿಗೆ ತೋರುತ್ತದೆ. ಮೊದಲು ತಲುಪಿದ ದನಿಯ ದಿಕ್ಕನ್ನೇ ಕಿವಿ ನಂಬುತ್ತದೆ ಎಂಬ ಈ ಸಂಗತಿಯನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರ ತಮ್ಮ ಪ್ರೌಢಪ್ರಬಂಧದಲ್ಲಿ ವಿವರಿಸಿದ್ದರು.

ಮುಂದಿನ ಸಲ ನಿಮ್ಮ ಕಾಲೇಜು ದಿನಾಚರಣೆಯಲ್ಲಿ ಮೈಕಿನ ಜವಾಬ್ದಾರಿ ನಿಮ್ಮ ಪಾಲಿಗೆ ಬಂದರೆ ಮೂರು ಕೆಲಸ ಮಾಡಿ. ಹಿಂದಿನ ಸಾಲಿಗೆ ಹೋಗಿ ಕುಳಿತು ಒಮ್ಮೆ ಕೇಳಿ. ವೇದಿಕೆಯಿಂದ ಹಿಂದಿನ ಧ್ವನಿವರ್ಧಕದವರೆಗಿನ ದೂರವನ್ನು ಹೆಜ್ಜೆಯಿಂದ ಅಳೆದು ಮೀಟರಿಗೆ ತಂದು, 346ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಧ್ವನಿವರ್ಧಕದವರಿಗೆ ಕೊಡಿ. ಹಾಡು ಮುಗಿದು ಮಾತು ಶುರುವಾಗುವಾಗ ಎಕೋ ಗುಂಡಿಯನ್ನು ಆರಿಸಲು ಮರೆಯಬೇಡಿ.